ಪುರಾವೆ ಇಲ್ಲವೆಂದರೆ ಅಪಾಯವಿಲ್ಲವೆಂದು ಅರ್ಥವೆ?

ಕಾಣದುದೆಲ್ಲವೂ ಇಲ್ಲದುದಲ್ಲವೆಂದು ನಾವೆಲ್ಲರೂ ಬಲ್ಲೆವು; ಆದರೆ ಕಾರ್ಯಕಾಲದಲ್ಲಿ ಮರೆಯುತ್ತೇವೆ. ಈ ಮರೆವಿಗೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಬ್ರಿಟನ್ನಿನ 'ಹುಚ್ಚು ಹಸುವಿನ ರೋಗ'ದ ಚರಿತ್ರೆಯೇ ನಿದರ್ಶನ.

1986ರಲ್ಲಿ ಅಲ್ಲಿನ ಪಶುವೈದ್ಯ ವಿಜ್ಞಾನಿಗಳು ದನಗಳಲ್ಲಿ ಒಂದು ಹೊಸ ವ್ಯಾಧಿಯನ್ನು ಗುರುತಿಸಿದರು. ರೋಗ ತಗಲಿದ ಹಸು ಬೆದರುವುದು, ತತ್ತರಿಸುವುದು, ಕೊನೆಗೆ ನೆಲ ಹಿಡಿದು ಸಾಯುವುದು. ಅದರ ಮಿದುಳು ಸೂಕ್ಷ್ಮದರ್ಶಕದಲ್ಲಿ ಸ್ಪಂಜಿನಂತೆ ತೂತುತೂತಾಗಿ ಕಾಣುವುದು. ಹುಲ್ಲು ಮೇಯುವ ಪ್ರಾಣಿಗೆ ಸತ್ತ ಪ್ರಾಣಿಗಳ ಮಾಂಸ ಮೂಳೆಗಳ ಪುಡಿಯನ್ನು ತಿನ್ನಿಸಿದುದೇ ರೋಗ ಹರಡಲು ಕಾರಣವೆಂದು ತಿಳಿದುಬಂದಿತು. 1988ರಲ್ಲಿ ಆ ಆಹಾರವನ್ನು ನಿಷೇಧಿಸಿದರು. ಆದರೆ ರೋಗವು ದೇಹದಲ್ಲಿ ನಾಲ್ಕೈದು ವರ್ಷ ಅಡಗಿರುವುದರಿಂದ ಅದರ ಹಾವಳಿ 1992ರವರೆಗೂ ಏರುತ್ತಲೇ ಹೋಯಿತು. ಒಟ್ಟು 1,80,000ಕ್ಕೂ ಹೆಚ್ಚು ದನಗಳಲ್ಲಿ ರೋಗ ದೃಢಪಟ್ಟಿತು.

ಇದರ ಕಾರಕವು ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಕುರಿಗಳಿಗೆ ಬರುವ ಸ್ಕ್ರೇಪಿ ಎಂಬುದು ಇದೇ ಜಾತಿಯ ರೋಗ. ನ್ಯೂಕ್ಲಿಯಿಕ್ ಆಮ್ಲವನ್ನು ಕೆಡಿಸುವ ಅತಿನೇರಿಳೆ ಕಿರಣಕ್ಕೆ ಸ್ಕ್ರೇಪಿಯ ಕಾರಕವು ಜಗ್ಗದೆಂದು 1960ರ ದಶಕದಲ್ಲಿಯೇ ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ ಎಂಬ ಭೌತವಿಜ್ಞಾನಿ ತೋರಿಸಿದ್ದರು. ಅದು ಕೇವಲ ಪ್ರೋಟೀನೆಂದು ವಾದಿಸಿ 1982ರಲ್ಲಿ ಅಮೆರಿಕದ ಸ್ಟಾನ್ಲಿ ಪ್ರುಸಿನರ್ ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟರು. 1997ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸಕ್ಕರೆಯ ಪಾಕದಲ್ಲಿ ಇಳಿಬಿಟ್ಟ ಹರಳೊಂದು ಸುತ್ತಲಿನ ಸಕ್ಕರೆಯನ್ನು ಹರಳುಗಟ್ಟಿಸುವಂತೆ, ಮಡಿಕೆ ತಪ್ಪಿದ ಈ ಪ್ರೋಟೀನು ನೆರೆಯ ಪ್ರೋಟೀನುಗಳನ್ನೂ ತನ್ನ ಆಕಾರಕ್ಕೆ ತಿರುಗಿಸುವುದು. ಬೇಯಿಸಿದರೂ ಅದು ಅಳಿಯದು.

ಮನುಷ್ಯನಿಗೆ ಇದರಿಂದ ಕೇಡಿದೆಯೆ? 1989ರಲ್ಲಿ ಸೌತ್‌ವುಡ್ ಸಮಿತಿಯು ಅಂಥ ಸಂಭವ ಬಹು ದೂರವೆಂದಿತು. ತನ್ನ ಎಣಿಕೆ ತಪ್ಪಾದರೆ ಪರಿಣಾಮ ಅತಿ ಭೀಕರವೆಂದೂ ಸೇರಿಸಿತು. ಅದೇ ವರ್ಷ ಸರ್ಕಾರವು ದನದ ಮಿದುಳು, ಬೆನ್ನುಹುರಿ ಮೊದಲಾದವನ್ನು ಜನರ ಆಹಾರದಿಂದ ತೆಗೆಯಿಸಿತು. ಇದು ವಿವೇಕದ ಕೆಲಸವೇ ಸರಿ. ಆದರೆ ಜನರ ಕಿವಿಗೆ ಬಿದ್ದುದು ಸಮಿತಿಯ ಮೊದಲ ಮಾತು ಮಾತ್ರ. 1990ರಲ್ಲಿ ಕೃಷಿಮಂತ್ರಿಗಳು ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ದನದ ಮಾಂಸದ ಬರ್ಗರನ್ನು ನೀಡಿ ಅಭಯವಿತ್ತರು. 1996ರ ಮಾರ್ಚ್ 20ರಂದು, ಹತ್ತು ಮಂದಿಗೆ ತಗಲಿದ ಮಾರಕ ಮಿದುಳು ರೋಗಕ್ಕೂ ಹಸುವಿನ ರೋಗಕ್ಕೂ ಸಂಬಂಧವಿರುವ ಸಂಭವವಿದೆಯೆಂದು ಅದೇ ಸರ್ಕಾರ ಒಪ್ಪಬೇಕಾಯಿತು. ಬ್ರಿಟನ್ನಿನಲ್ಲಿ ಈ ರೋಗಕ್ಕೆ ಬಲಿಯಾದವರು 178 ಮಂದಿ. ಅವರಲ್ಲಿ ಬಹುತೇಕರು ಎಳೆಯ ಪ್ರಾಯದವರು.

ಸರ್ಕಾರವು ಸುಳ್ಳು ಹೇಳಲಿಲ್ಲ, ಜನ ಗಾಬರಿಗೊಂಡಾರೆಂದು ಅಳುಕಿತು ಎಂಬುದು 2000ದ ಫಿಲಿಪ್ಸ್ ವಿಚಾರಣಾ ವರದಿಯ ಸಾರ. ನಮ್ಮ ದೃಷ್ಟಿಯಲ್ಲಿ ಆ ಅಳುಕೇ ದೊಡ್ಡ ತಪ್ಪು. ಅಳತೆಯೊಡನೆ ದೋಷದ ಮಿತಿಯನ್ನು ಬರೆಯದ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ನಾವು ಪೂರ್ಣ ಅಂಕ ಕೊಡುವುದಿಲ್ಲ. ಜನರಿಗೆ ಅಭಯ ಕೊಡುವವರಿಂದಲೂ ನಾವು ಇಷ್ಟನ್ನೇ ಕೇಳಬೇಕು: ತಿಳಿದುದನ್ನು ಹೇಳಿರಿ, ತಿಳಿಯದುದು ಎಷ್ಟೆಂಬುದನ್ನೂ ಅದರೊಡನೆಯೇ ಹೇಳಿರಿ.