ಕಾಳ್ಗಿಚ್ಚು ಆರಿದ ಮೇಲೆ

ಊರಿಗೆ ಬೆಂಕಿ ಬಿದ್ದಾಗ ನೀರು ಹೊತ್ತು ಓಡುವವರು ಅನೇಕರು. ಬೆಂಕಿ ಆರಿದ ಮೇಲೆ ಮನೆ ಕಟ್ಟಿಸಿಕೊಡಲು ಸರ್ಕಾರವೂ ದಾನಿಗಳೂ ಮುಂದೆ ಬರುತ್ತಾರೆ. ಆದರೆ ಆ ಬೆಂಕಿಯನ್ನು ಕಣ್ಣಾರೆ ಕಂಡು ಬದುಕಿ ಉಳಿದವರ ಮನಸ್ಸಿನಲ್ಲಿ ಅದು ಎಷ್ಟು ಕಾಲ ಉರಿಯುತ್ತಿರುತ್ತದೆ, ಅದನ್ನು ಶಮನಗೊಳಿಸುವ ವೆಚ್ಚವನ್ನು ಯಾರು ಹೊರಬೇಕು, ಎಷ್ಟು ಕಾಲ ಹೊರಬೇಕು ಎಂದು ಕೇಳುವವರು ವಿರಳ. ಇವು ಕೇವಲ ಕರುಣೆಗೆ ಸಂಬಂಧಪಟ್ಟ ಪ್ರಶ್ನೆಗಳಲ್ಲ, ವಿಜ್ಞಾನಕ್ಕೂ ಸಂಬಂಧಪಟ್ಟವು. ಈ ವಿಷಯದಲ್ಲಿ ವಿಜ್ಞಾನ ಕೊಡುವ ಉತ್ತರಕ್ಕೂ ಸರ್ಕಾರಗಳ ಆಯವ್ಯಯದ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿ ವಾಚಕರ ಗಮನಕ್ಕೆ ತರಬೇಕೆಂಬುದೇ ಈ ಲೇಖನದ ಉದ್ದೇಶ.

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಸಿಯೆರಾ ನೆವಾಡ ಪರ್ವತದ ತಪ್ಪಲಿನಲ್ಲಿ, ಪ್ಯಾರಡೈಸ್ ಎಂಬ ಊರಿದೆ. ಆ ಹೆಸರಿಗೆ ಸ್ವರ್ಗವೆಂದೇ ಅರ್ಥ. 2018ನೆಯ ನವೆಂಬರ್ 8ರ ಬೆಳಗ್ಗೆ ಅದರ ಸಮೀಪದ ಕಣಿವೆಯಲ್ಲಿ ವಿದ್ಯುತ್ ಪ್ರಸಾರದ ಗೋಪುರವೊಂದರ ಸವೆದ ಕೊಕ್ಕೆ ಮುರಿಯಿತು. ಕಿಡಿಗಳು ಒಣಗಿದ ಹುಲ್ಲಿಗೆ ತಗುಲಿದವು. ಗಾಳಿ ಬಿರುಸಾಗಿ ಬೀಸುತ್ತಿತ್ತು. ಕೆಲವೇ ಗಂಟೆಗಳಲ್ಲಿ ಊರಿನ ಬಹುಭಾಗ ಬೂದಿಯಾಯಿತು. ಇಕ್ಕೆಲಗಳಲ್ಲಿಯೂ ಜ್ವಾಲೆ ಏಳುತ್ತಿದ್ದ ರಸ್ತೆಗಳಲ್ಲಿ ಕಾರುಗಳ ಸಾಲು ಆಮೆಯ ನಡೆಯಲ್ಲಿ ಸಾಗಿತು. ಬೆಂಕಿ ಸಂಪೂರ್ಣವಾಗಿ ಹತೋಟಿಗೆ ಬರಲು 17 ದಿನಗಳು ಹಿಡಿದವು. ಅಷ್ಟರಲ್ಲಿ 85 ಮಂದಿ ಪ್ರಾಣ ಬಿಟ್ಟಿದ್ದರು. 18,000ಕ್ಕೂ ಮಿಕ್ಕ ಕಟ್ಟಡಗಳು ನಾಶವಾಗಿದ್ದವು. 2010ರ ಜನಗಣತಿಯಲ್ಲಿ 26,000ವನ್ನು ಮೀರಿದ್ದ ಪ್ಯಾರಡೈಸಿನ ಜನಸಂಖ್ಯೆ 2020ರ ಗಣತಿಯಲ್ಲಿ 5,000ವನ್ನೂ ಮುಟ್ಟಲಿಲ್ಲ. ಸತ್ತವರ ಲೆಕ್ಕ ಸಿಕ್ಕಿತು, ಸುಟ್ಟ ಮನೆಗಳ ಲೆಕ್ಕವೂ ಸಿಕ್ಕಿತು. ಊರು ಬಿಟ್ಟು ಚದರಿಹೋದ ಸಹಸ್ರಾರು ಜನರ ಅಂತರಂಗದ ಲೆಕ್ಕವನ್ನು ಹಿಡಿಯುವುದು ಅಷ್ಟು ಸುಲಭವಲ್ಲ.

ಆಪತ್ತು ಎದುರಾದಾಗ ಮೆದುಳಿನೊಳಗಿರುವ, ಬಾದಾಮಿಯ ಆಕಾರದ ಅಮಿಗ್ಡಲವೆಂಬ ಭಾಗವು ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದು ರೋಗವಲ್ಲ, ಪ್ರಾಣರಕ್ಷಣೆಗಾಗಿ ಪ್ರಕೃತಿಯೇ ಒದಗಿಸಿರುವ ಉಪಾಯ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು, ಬಹುಮಂದಿಯಲ್ಲಿ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ನಿಲ್ಲುವುದಿಲ್ಲ. ಚಳಿಗಾಲದ ಅಗ್ಗಿಷ್ಟಿಕೆಯ ಹೊಗೆ ಮೂಗಿಗೆ ಸೋಂಕಿದರೆ ಸಾಕು, ಅವರ ಪಾಲಿಗೆ ಅದೇ ಬೆಳಗ್ಗೆ, ಅದೇ ರಸ್ತೆ, ಅದೇ ಜ್ವಾಲೆ ಮತ್ತೆ ಎದುರಿಗೆ ನಿಲ್ಲುತ್ತವೆ. ನಿದ್ರೆ ಕೆಡುತ್ತದೆ, ದುಃಸ್ವಪ್ನಗಳು ಬೀಳುತ್ತವೆ, ಮನೆಯವರ ಮೇಲೆ ಕಾರಣವಿಲ್ಲದ ಸಿಟ್ಟು ಬರುತ್ತದೆ. ವೈದ್ಯರು ಇದನ್ನು ಆಘಾತೋತ್ತರ ಕ್ಲೇಶವೆಂದು ಕರೆಯುತ್ತಾರೆ. ಪ್ಯಾರಡೈಸಿನ ಬೆಂಕಿಯನ್ನು ಕುರಿತು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಬೆಂಕಿಯನ್ನು ನೇರವಾಗಿ ಎದುರಿಸಿದವರಲ್ಲಿ ಈ ಕ್ಲೇಶವೂ ಖಿನ್ನತೆಯೂ ಅದರಿಂದ ದೂರವಿದ್ದವರಿಗಿಂತ ಹೆಚ್ಚಾಗಿದ್ದುವೆಂದು ತೋರಿಸಿತು. ಅವರನ್ನು ಪರೀಕ್ಷಿಸಿದ್ದು ಬೆಂಕಿ ಆರಿ ಆರು ತಿಂಗಳು ಕಳೆದ ಮೇಲೆ ಎಂಬುದನ್ನು ಗಮನಿಸತಕ್ಕದ್ದು.

ಮನಸ್ಸಿನ ಗಾಯ ತಡವಾಗಿ ಕಾಣಿಸಿಕೊಳ್ಳಬಹುದೆಂಬುದು ಹೊಸ ಸಂಗತಿಯೇನೂ ಅಲ್ಲ. ವಿಪತ್ಕಾಲದ ಆಪ್ತಸಲಹೆಯೆಂಬ ಶಾಸ್ತ್ರವು ಬೆಳೆದುಬಂದದ್ದೇ ಒಂದು ಅಗ್ನಿದುರಂತದಿಂದ. 1942ನೆಯ ನವೆಂಬರ್ 28ರ ರಾತ್ರಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಹಾರಶಾಲೆಗೆ ಬೆಂಕಿ ಹೊತ್ತಿ 492 ಮಂದಿ ಮಡಿದರು. ಬದುಕಿ ಉಳಿದವರನ್ನೂ ಮೃತರ ಬಂಧುಗಳನ್ನೂ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು ತಾಳ್ಮೆಯಿಂದ ಮಾತನಾಡಿಸಿದರು. ಶೋಕಕ್ಕೂ ಖಚಿತವಾದ ಲಕ್ಷಣಗಳಿವೆ, ಅವನ್ನು ಗುರುತಿಸಿ ನೆರವಾಗುವುದು ಸಾಧ್ಯವೆಂದು 1944ರಲ್ಲಿ ಅವರು ಪ್ರಬಂಧವೊಂದನ್ನು ಬರೆದರು. ಆರಂಭದಲ್ಲಿ ಏನೂ ಆಗದವರಂತೆ ಇದ್ದು, ಬಹಳ ಕಾಲದ ಮೇಲೆ ಕುಸಿಯುವವರೂ ಉಂಟೆಂಬುದನ್ನು ಅದರಲ್ಲಿಯೇ ಅವರು ಎತ್ತಿ ಹೇಳಿದ್ದರು.

ಎಂಬತ್ತು ವರ್ಷಗಳ ಹಿಂದೆ ತಿಳಿದ ಈ ಮಾತನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ಅಂಕಿಅಂಶಗಳ ಮೂಲಕ ದೃಢಪಡಿಸಿದ್ದಾರೆ. 2009ನೆಯ ಫೆಬ್ರವರಿ 7ರಂದು ವಿಕ್ಟೋರಿಯ ರಾಜ್ಯದಲ್ಲಿ ಎದ್ದ ಕಾಳ್ಗಿಚ್ಚುಗಳಲ್ಲಿ 173 ಮಂದಿ ಸತ್ತರು. ಮೆಲ್ಬೋರ್ನ್ ವಿಶ್ವವಿದ್ಯಾನಿಲಯದ ತಂಡವೊಂದು ಅಲ್ಲಿನ ಜನರನ್ನು ವರ್ಷಾನುಗಟ್ಟಲೆ ಅನುಸರಿಸಿ ಅಧ್ಯಯನ ನಡೆಸಿತು. ಬೆಂಕಿಯ ಬಾಧೆ ಅತಿಯಾಗಿದ್ದ ಊರುಗಳಲ್ಲಿ, ಮೂರು ನಾಲ್ಕು ವರ್ಷಗಳು ಕಳೆದ ಮೇಲೆಯೂ, ಬೆಂಕಿಯಿಂದಲೇ ಉಂಟಾದ ಆಘಾತೋತ್ತರ ಕ್ಲೇಶದ ಲಕ್ಷಣಗಳು ಶೇಕಡ 15.6ರಷ್ಟು ಜನರಲ್ಲಿ ಕಂಡುಬಂದವು. ಬಾಧೆ ಕಡಿಮೆಯಿದ್ದ ಊರುಗಳಲ್ಲಿ ಈ ಪ್ರಮಾಣ ಶೇಕಡ 1 ಮಾತ್ರ. ಮೂರು ನಾಲ್ಕು ವರ್ಷಗಳು ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಹಣದ ವಿಚಾರಕ್ಕೆ ಬರೋಣ. ವಿಪತ್ತಿಗೆ ಸಿಕ್ಕಿದವರ ಮನಸ್ಸಿನ ಆರೈಕೆಗೆಂದು ಕಾನೂನಿನಲ್ಲಿಯೇ ಪ್ರತ್ಯೇಕ ಅವಕಾಶ ಕಲ್ಪಿಸಿದ ಕೀರ್ತಿ ಅಮೆರಿಕಕ್ಕೆ ಸಲ್ಲಬೇಕು. 1974ರ ವಿಪತ್ ಪರಿಹಾರ ಶಾಸನದಲ್ಲಿ ಬಂದ ಈ ಅವಕಾಶವು 1988ರ ಸ್ಟಾಫರ್ಡ್ ಶಾಸನದಲ್ಲಿಯೂ ಮುಂದುವರಿಯಿತು. ಇದರ ಕ್ರಮ ಮೆಚ್ಚತಕ್ಕದ್ದೇ. ಸ್ಥಳೀಯರಿಗೇ ತರಬೇತಿ ಕೊಟ್ಟು, ಮನೆಗಳಿಗೂ ಶಿಬಿರಗಳಿಗೂ ಶಾಲೆಗಳಿಗೂ ಕಳುಹಿಸುತ್ತಾರೆ. ಅವರು ರೋಗಕ್ಕೆ ಹೆಸರಿಡುವುದಿಲ್ಲ, ಔಷಧ ಕೊಡುವುದಿಲ್ಲ. ಮಾತನ್ನು ಕೇಳುತ್ತಾರೆ, ಧೈರ್ಯ ಹೇಳುತ್ತಾರೆ, ವೈದ್ಯರು ಬೇಕಾದವರಿಗೆ ದಾರಿ ತೋರುತ್ತಾರೆ. ಆದರೆ ಹಣದ ಅವಧಿ ಮಾತ್ರ ಗಿಡ್ಡ. ಮೊದಲ ಕಂತಿನ ನೆರವು ವಿಪತ್ತಿನ ಘೋಷಣೆಯಿಂದ 60 ದಿನಗಳವರೆಗೆ. ಮುಂದಿನ ನೆರವಿಗೆ ರಾಜ್ಯವು ಬೇರೆ ಅರ್ಜಿ ಹಾಕಬೇಕು. ಅದು ಮಂಜೂರಾದರೆ ಒಂಬತ್ತು ತಿಂಗಳು. ವಿಶೇಷ ಕಾರಣವಿದ್ದಲ್ಲಿ ಅವಧಿಯನ್ನು ಸ್ವಲ್ಪ ವಿಸ್ತರಿಸಬಹುದು. ಒಟ್ಟಿನಲ್ಲಿ ವರ್ಷವೊಂದರ ಆಸುಪಾಸಿನಲ್ಲಿ ಈ ಬಾಗಿಲು ಮುಚ್ಚುತ್ತದೆ.

ದೋಷವಿರುವುದು ಇಲ್ಲಿಯೇ. ದುರಂತದ ಮೊದಲ ವಾರಗಳಲ್ಲಿ ಊರೆಲ್ಲ ಒಂದಾಗಿರುತ್ತದೆ. ಅನ್ನ ಬಟ್ಟೆಗಳು ಬರುತ್ತವೆ, ಮಂತ್ರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ದಿನ ಕಳೆದಂತೆ ಬಂದವರು ಹಿಂದಿರುಗುತ್ತಾರೆ. ವಿಮೆಯ ಕಾಗದಗಳು, ಬಾಡಿಗೆಯ ಮನೆ, ಕಳೆದುಹೋದ ಉದ್ಯೋಗ, ಬೇರೆ ಊರಿನ ಶಾಲೆಯಲ್ಲಿ ಒಂಟಿಯಾದ ಮಗು, ಇವು ಉಳಿಯುತ್ತವೆ. ವಿಪತ್ತಿನ ಅಧ್ಯಯನ ನಡೆಸಿದವರು ಇದನ್ನು ಆಶಾಭಂಗದ ಘಟ್ಟವೆಂದು ಕರೆದಿದ್ದಾರೆ. ಮೊದಲ ವಾರ್ಷಿಕ ದಿನ ಸಮೀಪಿಸಿದಾಗ ಅನೇಕರ ನೋವು ಮತ್ತೆ ಕೆರಳುತ್ತದೆ. ಸರಿಯಾಗಿ ಆ ಕಾಲಕ್ಕೆ ಸಲಹೆಗಾರರ ಸಂಬಳದ ಹಣ ಮುಗಿದಿರುತ್ತದೆ. ಬಾಯಾರಿದಾಗ ಬಾವಿಯ ಹಗ್ಗವನ್ನು ಕಡಿದಂತೆ ಇದಲ್ಲವೆ?

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಬಹುಮಂದಿ ತಾವಾಗಿಯೇ ಚೇತರಿಸಿಕೊಳ್ಳುವರಲ್ಲವೆ, ವೃಥಾ ವೆಚ್ಚವೇಕೆ ಎಂದು ಕೇಳುವವರುಂಟು. ಚೇತರಿಸಿಕೊಳ್ಳುವುದು ನಿಜ. ಆದರೆ ಎಲ್ಲರಿಗೂ ಬೇಡವಾದ ನೆರವು ಯಾರಿಗೂ ಬೇಡವೆಂದು ಅರ್ಥವಲ್ಲ. ಚೇತರಿಸಿಕೊಂಡವರನ್ನು ಬಿಟ್ಟು ಉಳಿದವರನ್ನಷ್ಟೇ ನೋಡಿಕೊಳ್ಳುವುದಾದರೆ, ದೀರ್ಘಕಾಲದ ನೆರವಿಗೆ ವರ್ಷವೊಂದಕ್ಕೆ ತಗಲುವ ವೆಚ್ಚ ಮೊದಲ ವರ್ಷದಷ್ಟಿರಬೇಕಾಗಿಲ್ಲ. ಸಲಹೆಯೆಲ್ಲವೂ ಹಿತಕರವೆಂದು ಹೇಗೆ ನಂಬುವುದು ಎಂಬುದು ಮತ್ತೊಂದು ಆಕ್ಷೇಪಣೆ. ಇದರಲ್ಲಿ ಹುರುಳಿದೆ. ದುರಂತವಾದ ಕೂಡಲೆ ಒಂದೇ ಭೇಟಿಯಲ್ಲಿ ನಡೆದುದನ್ನೆಲ್ಲ ಬಾಯಿ ಬಿಡಿಸಿ ಕಳುಹಿಸುವ ಪದ್ಧತಿಯೊಂದು ಹಿಂದೆ ಬಳಕೆಯಲ್ಲಿತ್ತು. ಅದರಿಂದ ಆಘಾತೋತ್ತರ ಕ್ಲೇಶ ತಪ್ಪುವುದಿಲ್ಲವೆಂದೂ ಕೆಲವರಿಗೆ ಕೆಡುಕೇ ಆಗಬಹುದೆಂದೂ ಪರೀಕ್ಷೆಗಳಿಂದ ತಿಳಿದುಬಂದಿತು. ಆದರೆ ಇದು ಅವಸರದ ಸಲಹೆಗೆ ವಿರುದ್ಧವಾದ ಸಾಕ್ಷ್ಯವೇ ಹೊರತು ಆರೈಕೆಗೆ ವಿರುದ್ಧವಾದುದಲ್ಲ. ಮೊದಲು ಸುರಕ್ಷಿತತೆ, ನೆಲೆ, ಬಂಧುಮಿತ್ರರ ಸಂಪರ್ಕ. ಅನಂತರ ಕ್ಲೇಶ ಕಳೆಯದವರಿಗೆ ಪರೀಕ್ಷಿತವಾದ ಚಿಕಿತ್ಸೆ ಎಂಬುದೇ ಇಂದಿನ ವಿಜ್ಞಾನದ ಕ್ರಮ. ಈ ಕ್ರಮಕ್ಕೆ ಕಾಲ ಬೇಕು. ಕಾಲಕ್ಕೆ ಹಣ ಬೇಕು.

ಆದುದರಿಂದ ನಾವು ಮೂರು ಮಾತುಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಮನೆ ಕಟ್ಟಲು ಹಣವನ್ನು ತೆಗೆದಿರಿಸುವ ದಿನವೇ ಮನಸ್ಸಿನ ಆರೈಕೆಗೂ ಐದು ವರ್ಷಗಳಿಗೆ ಸಾಲುವಷ್ಟು ಹಣವನ್ನು ತೆಗೆದಿರಿಸಬೇಕು. ಎರಡನೆಯದು, ನೆರವು ಊರಿಗೆ ಅಂಟಿಕೊಳ್ಳದೆ ವ್ಯಕ್ತಿಯನ್ನು ಹಿಂಬಾಲಿಸಬೇಕು. ಚದರಿಹೋದ ಪ್ಯಾರಡೈಸಿನ ಜನರಿಗೆ ಅವರು ನೆಲೆಸಿದೆಡೆಯಲ್ಲಿಯೇ ಅದು ಸಿಗಬೇಕು. ಮೂರನೆಯದು, ಧೈರ್ಯ ಹೇಳುವ ವೆಚ್ಚದ ಜೊತೆಗೆ ಚಿಕಿತ್ಸೆಯ ವೆಚ್ಚವೂ ಅದರಲ್ಲಿ ಸೇರಿರಬೇಕು. ಇದು ಕೇವಲ ಕನಸಲ್ಲ. 2020ರ ಜನವರಿಯಲ್ಲಿ ಆಸ್ಟ್ರೇಲಿಯ ಸರ್ಕಾರವು ಕಾಳ್ಗಿಚ್ಚಿನಿಂದ ನೊಂದವರ ಮಾನಸಿಕ ಆರೋಗ್ಯಕ್ಕಾಗಿ ತನ್ನ ನಾಣ್ಯದಲ್ಲಿ 7 ಕೋಟಿ 60 ಲಕ್ಷ ಡಾಲರುಗಳನ್ನು ಘೋಷಿಸಿ, ವೈದ್ಯರ ಚೀಟಿಯಿಲ್ಲದೆಯೇ ಹತ್ತು ಬಾರಿ ಉಚಿತವಾಗಿ ಸಲಹೆ ಪಡೆಯುವ ಅವಕಾಶ ಕಲ್ಪಿಸಿತು.

ಕಾಳ್ಗಿಚ್ಚು ದೂರದ ದೇಶದ ಮಾತು, ನಮಗೇನು ಎಂದು ವಾಚಕರು ಭಾವಿಸಬಾರದು. 1981ನೆಯ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಲಿಂಡೆಮನ್ನರು ಬಾಸ್ಟನ್ನಿನಲ್ಲಿ ಮಾಡಿದ ಕಾರ್ಯವನ್ನೇ ನಮ್ಮ ನಿಮ್ಹಾನ್ಸಿನ ತಜ್ಞರು ಇಲ್ಲಿ ಕೈಗೊಂಡು, ಮೃತರ ಬಂಧುಗಳ ಶೋಕವನ್ನು ಅಭ್ಯಸಿಸಿದರು. ಅದೇ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ಬಗೆಯನ್ನು ದೇಶಕ್ಕೆ ತೋರಿಸಿಕೊಟ್ಟಿತು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವಿಪತ್ಕಾಲದ ಮಾನಸಿಕ ನೆರವಿಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ವಿದ್ಯೆ ನಮ್ಮಲ್ಲಿದೆ, ಮಾರ್ಗವೂ ತಿಳಿದಿದೆ; ನಡೆಯಲು ಬೇಕಾದ ಬುತ್ತಿಯನ್ನು ಕಟ್ಟಿಕೊಡುವುದು ಸಮಾಜದ ಹೊಣೆ.

2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಅಂಚಿನ ಕಿಚ್ಚುಗಳು 16,000ಕ್ಕೂ ಮಿಕ್ಕ ಕಟ್ಟಡಗಳನ್ನು ನುಂಗಿದವು. ಅಲ್ಲಿ ಹೊಸ ಮನೆಗಳು ಎದ್ದು ನಿಲ್ಲುವುದನ್ನು ಎಲ್ಲರೂ ನೋಡುವರು. ಆ ಮನೆಗಳೊಳಗೆ ಮಲಗುವವರಿಗೆ ನಿದ್ರೆ ಬರುತ್ತಿದೆಯೆ ಎಂದು ವಿಚಾರಿಸಲು ಐದನೆಯ ವರ್ಷದಲ್ಲಿಯೂ ಒಬ್ಬರು ಬಾಗಿಲು ತಟ್ಟುವಂತಾದರೆ, ಅಂದು ಬೆಂಕಿ ನಿಜವಾಗಿ ಆರಿತೆಂದು ನಾವು ಹೇಳಬಹುದು.