ಸಂಪಾದಕರ ಮಾತು: ಕೂಡುಬರಹ, ಬಿಡಿಬರಹ

ಜೂನ್ ತಿಂಗಳು ಬಂದಿತೆಂದರೆ ಪುಸ್ತಕದ ಅಂಗಡಿಗಳಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕಗಳು ರಾಶಿರಾಶಿಯಾಗಿ ಬಂದು ಬೀಳುತ್ತವೆ. ಅವುಗಳೊಡನೆಯೇ, ಮಗುವಿಗೆ ಇಂಗ್ಲಿಷನ್ನು ಕರ್ಸಿವ್ ಎಂದು ನಾವು ಕರೆಯುವ ಕೂಡುಬರಹದಲ್ಲಿ ಕಲಿಸಬೇಕೆ, ಅಚ್ಚಿನ ಅಕ್ಷರವನ್ನು ಹೋಲುವ ಬಿಡಿಬರಹದಲ್ಲಿ ಕಲಿಸಬೇಕೆ ಎಂಬ ಹಳೆಯ ಚರ್ಚೆಯೂ ತಂದೆತಾಯಿಗಳಲ್ಲಿ, ಉಪಾಧ್ಯಾಯರಲ್ಲಿ ಮರಳಿ ತಲೆಯೆತ್ತುತ್ತದೆ. ಒಂದು ಪಕ್ಷದವರಿಗೆ ಕೂಡುಬರಹವು ಶಿಸ್ತಿನ ಮತ್ತು ಸಂಸ್ಕಾರದ ಚಿಹ್ನೆ. ಇನ್ನೊಂದು ಪಕ್ಷದವರಿಗೆ ಅದು ಕಾಲ ಮೀರಿದ ಅಲಂಕಾರ, ಎಳೆಯ ಬೆರಳುಗಳಿಗೆ ವೃಥಾ ಶ್ರಮ. ಬರೆಯುವವರನ್ನೇ ನೆಚ್ಚಿ ಬಾಳುವ ಪತ್ರಿಕೆಯೊಂದು ಈ ವಿಷಯದಲ್ಲಿ ಮೌನವಾಗಿರುವುದು ಯುಕ್ತವಲ್ಲ. ಕೂಡಿಸುವುದರಲ್ಲಿಯೇ ಗುಣವಿಲ್ಲ, ಬಿಡಿಸುವುದರಲ್ಲಿಯೇ ದೋಷವಿಲ್ಲ. ಎಲ್ಲಿ ಕೂಡಿಸಬೇಕು, ಎಲ್ಲಿ ಲೇಖನಿಯನ್ನೆತ್ತಬೇಕು ಎಂಬ ವಿವೇಕವೇ ಕೈಬರಹದ ಜೀವಾಳ. ಆ ವಿವೇಕವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕೈಯಿಂದಲೇ ಸಂಪಾದಿಸಿಕೊಳ್ಳಬೇಕಾಗಿರುವುದರಿಂದ ಒಬ್ಬರ ಬರಹ ಇನ್ನೊಬ್ಬರದಾಗದು. ನಮ್ಮ ಅಭಿಪ್ರಾಯದ ಸಾರಾಂಶ ಇದು.

ಚರ್ಚೆಯು ಮೊದಲು ಬೆಳೆದ ನೆಲ ಯೂರೋಪು. ಹದಿನೈದನೆಯ ಶತಮಾನದ ಆದಿಭಾಗದಲ್ಲಿ ಫ್ಲಾರೆನ್ಸ್ ನಗರದ ವಿದ್ವಾಂಸನಾದ ನಿಕ್ಕೊಲೊ ನಿಕ್ಕೊಲಿಯು ಪ್ರಾಚೀನ ಗ್ರಂಥಗಳನ್ನು ಪ್ರತಿಮಾಡುತ್ತ, ವೇಗಕ್ಕೂ ಸ್ಪಷ್ಟತೆಗೂ ಸಮಾನವಾಗಿ ಒಗ್ಗುವ, ಕೊಂಚ ವಾಲಿದ, ಅಲ್ಲಲ್ಲಿ ಮಾತ್ರ ಕೂಡಿಕೊಂಡ ಒಂದು ಬರಹವನ್ನು ರೂಢಿಸಿಕೊಂಡನು. ಪೋಪರ ಕಾರ್ಯಾಲಯದ ಲಿಪಿಕಾರರ ಕೈಯಲ್ಲಿ ಅದು ಪರಿಷ್ಕಾರವನ್ನು ಪಡೆಯಿತು. ಅವರಲ್ಲೊಬ್ಬನಾದ ಲುಡೊವಿಕೊ ಅರಿಘಿಯು ಅದನ್ನು ಕಲಿಸುವ ಕಿರುಹೊತ್ತಗೆಯೊಂದನ್ನು, ಪುಟಪುಟಗಳನ್ನೂ ಮರದ ಅಚ್ಚಿನಲ್ಲಿ ಕೊರೆಯಿಸಿ, 1522ರ ವರ್ಷವನ್ನು ನಮೂದಿಸಿ ರೋಮಿನಲ್ಲಿ ಹೊರತಂದನು. ಇಟಾಲಿಕ್ ಎಂದು ಪ್ರಸಿದ್ಧವಾದ ಈ ಬರಹದ ಮರ್ಮವು, ಕೈಯ ಚಲನೆಯು ತಾನಾಗಿ ಮುಂದಿನ ಅಕ್ಷರಕ್ಕೆ ಸಾಗುವಲ್ಲಿ ಅದನ್ನು ತಡೆಯದಿರುವುದು, ತಾನಾಗಿ ಸಾಗದಲ್ಲಿ ಅದನ್ನು ಬಲಾತ್ಕರಿಸದಿರುವುದು, ಇಷ್ಟೇ. ಆ ಸಮತೋಲನವು ಅನಂತರ ಬಹುಕಾಲ ನಿಲ್ಲಲಿಲ್ಲ. ಬರಹದ ಮಾದರಿಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿ ಮುದ್ರಿಸುವ ಪದ್ಧತಿ ಬಂದ ಮೇಲೆ, ಕೆತ್ತುವ ಉಳಿಗೆ ಸುಲಭವಾದ ಕೂದಲೆಳೆಯ ಗೆರೆಗಳೂ ಸುರುಳಿಗಳೂ ಆದರ್ಶವೆನಿಸಿದವು. ಲಂಡನ್ನಿನ ಜಾರ್ಜ್ ಬಿಕಮ್ಮನು 1733ರಿಂದ 1741ರವರೆಗೆ ಬಿಡಿಬಿಡಿ ಹಾಳೆಗಳ ರೂಪದಲ್ಲಿ ಪ್ರಕಟಿಸಿದ ‘ಯೂನಿವರ್ಸಲ್ ಪೆನ್‌ಮನ್’ ಎಂಬ ಸಂಪುಟದಲ್ಲಿ ಆ ವೈಭವದ ಪರಾಕಾಷ್ಠೆಯನ್ನು ಕಾಣಬಹುದು. ಲೋಹದ ಮೇಲೆ ಉಳಿಯು ಮಾಡಿದುದನ್ನು ಹಕ್ಕಿಯ ಗರಿಯಿಂದ ಕಾಗದದ ಮೇಲೆ ಮಾಡಿ ತೋರಿಸಬೇಕೆಂಬ ನಿರ್ಬಂಧವು ಗುಮಾಸ್ತರ ಮೇಲೂ ಮಕ್ಕಳ ಮೇಲೂ ಬಿದ್ದುದು ಹೀಗೆ. ಇಂಗ್ಲಿಷ್ ವಿದ್ಯೆಯೊಡನೆ ನಮ್ಮ ಶಾಲೆಗಳಿಗೆ ಬಂದು ಇಂದಿಗೂ ನಾಲ್ಕು ಗೆರೆಗಳ ನಡುವೆ ಉಳಿದಿರುವ ಕರ್ಸಿವ್ ಬರಹವು ಆ ಪರಂಪರೆಯ ಸಂತಾನವೇ.

ಅತಿಯಾದುದಕ್ಕೆ ಪ್ರತಿಕ್ರಿಯೆ ಹುಟ್ಟದಿರಲಿಲ್ಲ. ಲಿಪಿಕಲೆಯನ್ನು ಪುನರುಜ್ಜೀವನಗೊಳಿಸಿದ ಎಡ್ವರ್ಡ್ ಜಾನ್‌ಸ್ಟನ್ 1913ರಲ್ಲಿ ಲಂಡನ್ನಿನ ಉಪಾಧ್ಯಾಯರೆದುರು ಮಾಡಿದ ಉಪನ್ಯಾಸದಿಂದ ಪ್ರೇರಣೆ ಪಡೆದು, ಮಕ್ಕಳಿಗೆ ವೃತ್ತಗಳಿಂದಲೂ ಸರಳರೇಖೆಗಳಿಂದಲೂ ಆದ ಬಿಡಿಯಕ್ಷರಗಳನ್ನು ಕಲಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಹರಡಿತು. ಜರ್ಮನಿಯ ಪ್ರಷ್ಯ ಪ್ರಾಂತದಲ್ಲಿಯಾದರೋ, ಲುಡ್ವಿಗ್ ಸುಟರ್ಲಿನ್ ರೂಪಿಸಿದ ಕೂಡುಬರಹವು 1915ರಿಂದ ಶಾಲೆಗಳನ್ನು ಪ್ರವೇಶಿಸಿತು. 1941ರಲ್ಲಿ ಆಳುವವರ ಒಂದು ಆಜ್ಞೆಯಿಂದ ಅದು ಶಾಲೆಗಳಿಂದ ಹೊರಬಿದ್ದಿತು. ತಾತನ ಕಾಗದವನ್ನು ಓದಿಸಿಕೊಳ್ಳಲು ಮೊಮ್ಮಗನು ಬಲ್ಲವರ ನೆರವನ್ನು ಹುಡುಕುವ ಸ್ಥಿತಿ ಆ ದೇಶದಲ್ಲಿ ಅನೇಕ ಮನೆಗಳಿಗೆ ಒದಗಿತು. ನಮ್ಮ ಕಾಲದಲ್ಲಿಯೇ ಫಿನ್‌ಲೆಂಡ್ ದೇಶವು 2016ರಲ್ಲಿ ಕೂಡುಬರಹವನ್ನು ಕಡ್ಡಾಯ ಪಾಠಗಳಿಂದ ಬಿಟ್ಟು ಕೀಲಿಮಣೆಯ ಅಭ್ಯಾಸಕ್ಕೆ ಸ್ಥಳ ಕೊಟ್ಟಿತು. ಅಮೆರಿಕದ ಬಹುಪಾಲು ರಾಜ್ಯಗಳು ಒಪ್ಪಿಕೊಂಡ 2010ರ ಪಠ್ಯಮಾನದಲ್ಲಿ ಕೂಡುಬರಹದ ಪ್ರಸ್ತಾಪವೇ ಇರಲಿಲ್ಲ. ಆದರೆ ಅಲ್ಲಿನ ಕ್ಯಾಲಿಫೋರ್ನಿಯ ರಾಜ್ಯವು 2024ರ ಜನವರಿಯಿಂದ ಜಾರಿಗೆ ಬಂದ ಶಾಸನದ ಮೂಲಕ ಅದನ್ನು ಪ್ರಾಥಮಿಕ ತರಗತಿಗಳಿಗೆ ಮರಳಿ ಕರೆಯಿತು. ಒಂದು ತಲೆಮಾರು ಎಲ್ಲವನ್ನೂ ಕೂಡಿಸೆಂದರೆ ಮುಂದಿನ ತಲೆಮಾರು ಎಲ್ಲವನ್ನೂ ಬಿಡಿಸೆಂದು ಆಜ್ಞಾಪಿಸುವ ಈ ಓಲಾಟದಲ್ಲಿ, ಬರೆಯುವ ಕೈಗೆ ಏನು ಸಹಜವೆಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಆ ಪ್ರಶ್ನೆಗೆ ನಮ್ಮ ನಾಡಿನ ಬರಹದ ಇತಿಹಾಸದಲ್ಲಿ ಅಮೂಲ್ಯವಾದ ಉತ್ತರವಿದೆ. ತಾಳೆಯೋಲೆಯ ಮೇಲೆ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಬರೆಯುತ್ತಿದ್ದ ಲಿಪಿಕಾರನು ವಾಸ್ತವವಾಗಿ ಬರೆಯುತ್ತಿರಲಿಲ್ಲ, ಕೊರೆಯುತ್ತಿದ್ದನು. ಎಡಗೈಯಲ್ಲಿ ಗರಿಯನ್ನು ಹಿಡಿದು, ಕಬ್ಬಿಣದ ಮೊನೆಗೆ ಎಡಗೈಯ ಹೆಬ್ಬೆರಳಿನ ಆಸರೆ ಕೊಟ್ಟು, ಒಂದೊಂದು ಅಕ್ಷರವನ್ನೂ ಗೀರಿ, ಕಡೆಗೆ ಮಸಿಯನ್ನು ತಿಕ್ಕಿ ಗೀರುಗಳನ್ನು ಕಪ್ಪಾಗಿಸುತ್ತಿದ್ದನು. ಗರಿಯ ನಾರು ಉದ್ದಕ್ಕೆ ಸಾಗುವುದರಿಂದ ಅಡ್ಡಗೆರೆಯನ್ನು ನೀಳವಾಗಿ ಎಳೆದರೆ ಓಲೆಯು ಸೀಳುವ ಭಯ. ನಮ್ಮ ಅಕ್ಷರಗಳ ದುಂಡುತನಕ್ಕೆ ಈ ಭಯವೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಇಂಥ ಸಾಧನದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಗೆರೆಯನ್ನು ಹರಿಯಿಸುವುದು ಸುಲಭಸಾಧ್ಯವಲ್ಲದುದರಿಂದ, ಓಲೆಯ ಬರಹವು ಬಿಡಿಬರಹವಾಗಿಯೇ ಉಳಿಯಿತು.

ಅದೇ ಲಿಪಿಯು ಕಡತದ ಮೇಲೆ ಬೇರೆಯ ಸ್ವಭಾವವನ್ನೇ ತಳೆಯಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ ಸಿದ್ಧಪಡಿಸಿದ ಆ ಕರಿಯ ಹೊತ್ತಗೆಯ ಮೇಲೆ ಬಳಪವು ನಿರಾತಂಕವಾಗಿ ಜಾರುತ್ತಿತ್ತು. ಬರೆಯುವವರೋ, ದಿನದ ಲೆಕ್ಕ ದಿನವೇ ಮುಗಿಯಬೇಕಾಗಿದ್ದ ವರ್ತಕರು, ಊರಿನ ಕಂದಾಯದ ಹೊಣೆ ಹೊತ್ತ ಶಾನುಭೋಗರು, ಮಠಮಾನ್ಯಗಳ ಪಾರುಪತ್ಯಗಾರರು. ಅವರ ಅವಸರಕ್ಕೆ ಮಣಿದು ತಲೆಕಟ್ಟುಗಳು ಸವೆದವು, ಒಂದು ಅಕ್ಷರದ ಬಾಲವು ಮುಂದಿನದರ ತಲೆಯನ್ನು ಮುಟ್ಟಿತು. ಹೀಗಾಗಿ ಅಚ್ಚಿನ ಕನ್ನಡವನ್ನು ನಿರಾಯಾಸವಾಗಿ ಓದುವವರು ಇಂದು ಕಡತದೆದುರು ತಡವರಿಸುತ್ತಾರೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಪೇಶ್ವೆಯರ ಆಡಳಿತದೊಡನೆ ಕುಲಕರ್ಣಿಗಳ ದಫ್ತರಗಳನ್ನು ಹೊಕ್ಕ ಮರಾಠಿಯ ಮೋಡಿಲಿಪಿಯಂತೂ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು: ಮೊದಲು ಸಾಲಿನುದ್ದಕ್ಕೂ ತಲೆಗೆರೆಯನ್ನು ಎಳೆದು, ಲೇಖನಿಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುವುದು ಅದರ ಕ್ರಮ, ಇಕಾರ ಉಕಾರಗಳ ಹ್ರಸ್ವದೀರ್ಘ ಭೇದವನ್ನೂ ಅದು ವೇಗಕ್ಕಾಗಿ ತ್ಯಜಿಸಿತು. ಕಾವ್ಯವನ್ನು ಅಪರಿಚಿತನಾದ ಮುಂದಿನ ಓದುಗನಿಗಾಗಿ ಬಿಡಿಸಿ ಬರೆದರು. ಲೆಕ್ಕವನ್ನು ಪರಿಚಿತನಾದ ಇಂದಿನ ಓದುಗನಿಗಾಗಿ ಕೂಡಿಸಿ ಬರೆದರು. ಸಾಧನವೂ ಪ್ರಯೋಜನವೂ ಓದುಗನೂ ಸೇರಿ ಬರಹದ ರೂಪವನ್ನು ನಿರ್ಣಯಿಸಿದುದಲ್ಲದೆ ಒಂದು ಮೇಲು, ಒಂದು ಕೀಳು ಎಂಬ ಭಾವನೆ ಅಲ್ಲಿ ಕೆಲಸಮಾಡಲಿಲ್ಲ.

ಅಚ್ಚು ಬಂದ ಮೊದಲ ದಿನಗಳಲ್ಲಿಯೂ ಕೈಬರಹವು ಪದಚ್ಯುತವಾಗಲಿಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಹರ್ಮನ್ ಮೋಗ್ಲಿಂಗರು 1843ರ ಜುಲೈ ತಿಂಗಳಲ್ಲಿ ಪ್ರಾರಂಭಿಸಿದ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಮೊಳೆಗಳಿಂದ ಜೋಡಿಸಿದುದಲ್ಲ, ಕಲ್ಲಚ್ಚಿನಲ್ಲಿ ಮುದ್ರಿಸಿದುದು, ಎಂದರೆ, ಲಿಪಿಕಾರನೊಬ್ಬನ ಕೈಬರಹವೇ ಪ್ರತಿಪ್ರತಿಯಾಗಿ ಓದುಗರ ಮನೆಗಳನ್ನು ತಲಪಿತು. ಕನ್ನಡ ಪತ್ರಿಕೋದ್ಯಮದ ಪ್ರಥಮ ಪುಟವು ಹೀಗೆ ಹೆಸರು ತಿಳಿಯದ ಒಂದು ಒಳ್ಳೆಯ ಕೈಗೆ ಋಣಿಯಾಗಿದೆ.

ಕನ್ನಡ ಲಿಪಿಯ ರಚನೆಯನ್ನು ಗಮನವಿಟ್ಟು ನೋಡಿದರೆ, ಕೂಡುಬರಹವೆ ಬಿಡಿಬರಹವೆ ಎಂಬ ವ್ಯಾಜ್ಯವನ್ನು ಅದು ತನ್ನೊಳಗೇ ಇತ್ಯರ್ಥಮಾಡಿಕೊಂಡಿರುವುದು ಕಾಣುತ್ತದೆ. ಇಲ್ಲಿ ಅಕ್ಷರದ ಒಳಗೆ ಎಲ್ಲವೂ ಕೂಡಿಕೆ: ತಲೆಕಟ್ಟು ಕಳಚಿ ಗುಡಿಸು ಬರುತ್ತದೆ, ಪಕ್ಕದಲ್ಲಿ ಕೊಂಬು ನಿಲ್ಲುತ್ತದೆ, ಅಡಿಯಲ್ಲಿ ಒತ್ತು ಸೇರುತ್ತದೆ, ಮುಂದೆ ದೀರ್ಘ ಚಾಚುತ್ತದೆ. ಅಕ್ಷರ ಅಕ್ಷರಗಳ ನಡುವೆ ಮಾತ್ರ ಬಿಡುವು. ಎಲ್ಲಿ ಗೊಂದಲ ಸಂಭವಿಸುವುದೋ ಅಲ್ಲಿ ಕೂಡಿಕೆಯ ಕ್ರಮವನ್ನೇ ಲಿಪಿಯು ಬದಲಾಯಿಸಿಕೊಂಡಿದೆ, ‘ಪು’ ‘ವು’ಗಳಲ್ಲಿ ಕೊಂಬು ಪಕ್ಕದ ಎತ್ತರದಲ್ಲಿ ನಿಲ್ಲದೆ ಕೆಳಗಿಳಿದು ಅಂಟಿಕೊಳ್ಳುವುದನ್ನು ನೋಡಿರಿ, ಹಾಗಲ್ಲದಿದ್ದರೆ ವಕಾರದ ಉಕಾರವು ಮಕಾರವೆಂದು ಓದಲ್ಪಡುವ ಅಪಾಯವಿತ್ತು. ಓದುಗನ ಹಿತವನ್ನು ಮನಸ್ಸಿನಲ್ಲಿಟ್ಟುಕೊಂಡ ವಿವೇಕವೆಂದು ನಾವು ಹೇಳುವುದು ಇದನ್ನೇ.

ಈ ಚೌಕಟ್ಟಿನೊಳಗೆ ವ್ಯಕ್ತಿಗೆ ದೊರೆಯುವ ಸ್ವಾತಂತ್ರ್ಯವೂ ಅಲ್ಪವಲ್ಲ. ಒಬ್ಬರು ತಲೆಕಟ್ಟನ್ನು ಮೊದಲು ಇಟ್ಟು ಅಕ್ಷರವನ್ನು ಅದರ ಕೆಳಗೆ ಇಳಿಸುತ್ತಾರೆ. ಇನ್ನೊಬ್ಬರು ಮೈಯನ್ನು ಮುಗಿಸಿ ಕಡೆಗೆ ತಲೆಕಟ್ಟನ್ನು ತೊಡಿಸುತ್ತಾರೆ. ಮತ್ತೊಬ್ಬರ ವೇಗದಲ್ಲಿ ಆ ತಲೆಕಟ್ಟು ಬರಿಯ ಕೊಕ್ಕೆಯಾಗಿ ಮುಂದಿನ ಅಕ್ಷರದತ್ತ ಬಾಗುತ್ತದೆ. ರೇಫವನ್ನು ಅರ್ಕಾವೊತ್ತಾಗಿ ಬರೆಯುವವರುಂಟು, ರಕಾರವನ್ನೇ ಬರೆದು ಮುಂದಿನ ವ್ಯಂಜನವನ್ನು ಒತ್ತಾಗಿ ಕೆಳಗಿಡುವವರುಂಟು. ಒಬ್ಬರ ದೀರ್ಘವು ಪುಟದಂಚಿನವರೆಗೆ ಓಡಲು ಹವಣಿಸುತ್ತದೆ, ಇನ್ನೊಬ್ಬರದು ಸಂಕೋಚದಿಂದ ಮುದುಡಿಕೊಳ್ಳುತ್ತದೆ. ದೂರದಿಂದ ಬರುವ ಆಪ್ತರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುವ ಹಾಗೆ, ಲಕೋಟೆಯ ಮೇಲಿನ ವಿಳಾಸವೊಂದರಿಂದಲೇ ಬರೆದವರಾರೆಂದು ನಾವು ತಿಳಿಯುವುದು ಈ ಸಣ್ಣಪುಟ್ಟ ಭೇದಗಳಿಂದ. ಬರಹದ ಓರೆಕೋರೆಗಳಿಂದ ಮನುಷ್ಯನ ಗುಣಾವಗುಣಗಳನ್ನು ನಿರ್ಣಯಿಸುವೆವೆನ್ನುವವರ ವಿದ್ಯೆಯು ಶಾಸ್ತ್ರೀಯ ಪರೀಕ್ಷೆಯಲ್ಲಿ ನಿಂತಿಲ್ಲ. ಅದು ನಮಗೆ ಬೇಕಾಗಿಯೂ ಇಲ್ಲ. ಪರಿಚಯದ ಸಂತೋಷವೇ ಸಾಕು.

ಸ್ವಾತಂತ್ರ್ಯಕ್ಕೆ ಮೇರೆಯೂ ಉಂಟು. ಕೈಬರಹದ ಲೇಖನಗಳನ್ನು ಅಚ್ಚಿಗೆ ಸಿದ್ಧಪಡಿಸುವವರು ಅನುಭವದಿಂದ ಬಲ್ಲ ಸಂಗತಿಯೊಂದಿದೆ: ದುಂಡಗಿಲ್ಲದ ಬರಹ ಅವರನ್ನು ಅಷ್ಟಾಗಿ ಬಾಧಿಸುವುದಿಲ್ಲ, ಭೇದವನ್ನು ಅಳಿಸುವ ಬರಹವೇ ಅವರನ್ನು ಕಂಗೆಡಿಸುತ್ತದೆ. ದಕಾರ ಧಕಾರಗಳನ್ನೂ, ಬಕಾರ ಭಕಾರಗಳನ್ನೂ ಬೇರ್ಪಡಿಸುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳು; ವಕಾರ ಪಕಾರಗಳ ಅಂತರವೂ ಅಷ್ಟೇ ಸೂಕ್ಷ್ಮವಾದುದು; ತಕಾರದ ಒತ್ತು ಯಾವುದು, ನಕಾರದ ಒತ್ತು ಯಾವುದು ಎಂಬುದು ಅವಸರದ ಕೈಯಲ್ಲಿ ಊಹೆಗೆ ಬಿಟ್ಟ ವಿಷಯವಾಗುತ್ತದೆ. ಉಳಿದ ಕಡೆ ಎಷ್ಟು ಸ್ವಚ್ಛಂದವಾಗಿ ಹರಿದರೂ ಈ ಸ್ಥಾನಗಳಲ್ಲಿ ಲೇಖನಿಯು ಒಂದು ಕ್ಷಣ ನಿಂತು ಹೋದರೆ ಬರಹ ಗೆದ್ದಂತೆ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ಅಕ್ಷರವನ್ನು ಅಲಕ್ಷಿಸಿದುದಕ್ಕಾಗಿ ದಕ್ಷಿಣ ಆಫ್ರಿಕದಲ್ಲಿ ವಕೀಲರ ಸುಂದರವಾದ ಬರಹವನ್ನು ಕಂಡಾಗ ಪಟ್ಟ ಪಶ್ಚಾತ್ತಾಪವನ್ನು ತೋಡಿಕೊಂಡು, ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಚಿತ್ರಕಲೆಯನ್ನು ಕಲಿಸಬೇಕೆಂದೂ, ಹೂವನ್ನು ಹಕ್ಕಿಯನ್ನು ನೋಡುವಂತೆ ಅಕ್ಷರವನ್ನೂ ಕಣ್ಣಿಟ್ಟು ನೋಡಲು ಅವರು ಕಲಿಯಬೇಕೆಂದೂ ಸೂಚಿಸಿದ್ದಾರೆ. ನೋಡುವ ಕಣ್ಣು ಮೊದಲು, ಓಡುವ ಕೈ ಅನಂತರ ಎಂಬ ಈ ಕ್ರಮದಲ್ಲಿ ನಮ್ಮ ವಿವಾದಕ್ಕೆ ಪರಿಹಾರವಿದೆ. ಮಗು ಮೊದಲು ಬಿಡಿಯಕ್ಷರದ ರೂಪವನ್ನು ನಿಧಾನವಾಗಿ, ಸಂದೇಹವಿಲ್ಲದಂತೆ ತಿದ್ದಲಿ. ಕೂಡಿಕೆಯನ್ನು ಅನಂತರ ತೋರಿಸಿಕೊಟ್ಟು, ತನಗೆ ಒಗ್ಗಿದಷ್ಟನ್ನು ಮಾತ್ರ ಉಳಿಸಿಕೊಳ್ಳುವ ಅಧಿಕಾರವನ್ನು ಅದಕ್ಕೇ ಬಿಡೋಣ. ಅಮೆರಿಕದ ಶಿಕ್ಷಣತಜ್ಞ ಸ್ಟೀವ್ ಗ್ರಹಾಂ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಡುಬರಹವನ್ನೂ ಬಿಡಿಬರಹವನ್ನೂ ಬೆರಸಿ ಬರೆಯುವ ಮಕ್ಕಳೇ ಒಂದೇ ಶೈಲಿಗೆ ಕಟ್ಟುಬಿದ್ದವರಿಗಿಂತ ವೇಗವಾಗಿ ಬರೆದರೆಂದು ಕಂಡುಬಂದಿದೆ. ಉಪಾಧ್ಯಾಯರು ಶೈಲಿಯ ಶುದ್ಧಿಗಾಗಿ ಅಂಕ ಕಳೆಯುವುದನ್ನು ಬಿಟ್ಟು, ಓದಲು ಬರುವುದೇ, ಇಲ್ಲವೇ ಎಂಬ ಒಂದೇ ಮಾನದಿಂದ ಅಳೆದರೆ, ಎಷ್ಟೋ ಮಕ್ಕಳ ಪಾಲಿಗೆ ಕಾಪಿ ಬರೆಯುವ ಗಂಟೆಯು ಶಿಕ್ಷೆಯಾಗದೆ ಆನಂದವಾದೀತು.

ನಮ್ಮ ಪಾಲಿನ ಕರ್ತವ್ಯವನ್ನೂ ಹೇಳಿ ಮುಗಿಸುತ್ತೇವೆ. ಲೇಖನಗಳು ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಬರುತ್ತವೆ. ಅದರ ಅನುಕೂಲವನ್ನು ನಾವು ಕೃತಜ್ಞತೆಯಿಂದ ಒಪ್ಪುತ್ತೇವೆ. ಆದರೂ ಕೈಯಲ್ಲಿ ಬರೆದು ಕಳುಹಿಸುವವರಿಗೆ ಈ ಪತ್ರಿಕೆಯ ಬಾಗಿಲು ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಎಡಗಡೆ ಅಂಚು ಬಿಡಿರಿ, ಒತ್ತಕ್ಷರಗಳಿಗೆ ಅವಕಾಶವಾಗುವಂತೆ ಸಾಲುಗಳ ನಡುವೆ ಧಾರಾಳವಾಗಿ ಸ್ಥಳವಿರಲಿ, ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳನ್ನು ಬಿಡಿಬಿಡಿಯಾಗಿ ಕಾಣಿಸಿರಿ. ಉಳಿದುದೆಲ್ಲವನ್ನೂ ಕೂಡಿಸುವುದೂ ಬಿಡಿಸುವುದೂ ನಿಮ್ಮ ಕೈಗೆ ಸೇರಿದ ವಿಷಯ. ಅದನ್ನು ಓದಿಕೊಳ್ಳುವ ಶ್ರಮವನ್ನು ನಾವು ಸಂತೋಷದಿಂದ ವಹಿಸಿಕೊಳ್ಳುತ್ತೇವೆ.