ನದಿಯ ತಳ ಮಾರಿಕೊಂಡವರು

2022ರ ಆಗಸ್ಟ್ 20, ಶನಿವಾರ. ಚಕ್ಕಿ ಹೊಳೆಯ ರೈಲು ಸೇತುವೆ ಬಿತ್ತು. ಪಠಾಣ್‌ಕೋಟ್‌ನಿಂದ ಜೋಗಿಂದರ್‌ನಗರಕ್ಕೆ ಹೋಗುವ ಕಾಂಗ್ಡಾ ಕಣಿವೆಯ ನ್ಯಾರೋ ಗೇಜ್ ರೈಲು ಪಂಜಾಬಿನ ಬಯಲು ಬಿಟ್ಟು ಹಿಮಾಚಲದ ಬೆಟ್ಟದ ಸೀಮೆಗೆ ಕಾಲಿಡುತ್ತಿದ್ದುದು ಆ ಸೇತುವೆಯ ಮೇಲೆಯೇ. ಕಂಬಗಳು ಬುಡ ಕಳಚಿಕೊಂಡು ಕೆಸರು ನೀರಿಗೆ ಒರಗಿದ್ದನ್ನು ಯಾರೋ ಫೋನಿನಲ್ಲಿ ಹಿಡಿದರು, ದೇಶವೆಲ್ಲ ನೋಡಿತು. ಕಾರಣ ಹುಡುಕಲು ಯಾರೂ ಕಷ್ಟಪಡಬೇಕಾಗಲಿಲ್ಲ. ಮಳೆ!

ಈ ದೇಶದಲ್ಲಿ ಮಳೆಯಷ್ಟು ಅನುಕೂಲದ ಆರೋಪಿ ಬೇರೆ ಸಿಗುವುದಿಲ್ಲ. ಅದರ ಪರವಾಗಿ ವಾದಿಸಲು ವಕೀಲರಿಲ್ಲ, ಸಮನ್ಸ್ ಕಳಿಸಲು ವಿಳಾಸವಿಲ್ಲ, ಚುನಾವಣೆಗೆ ದೇಣಿಗೆ ಕೊಡುವ ತಾಕತ್ತಂತೂ ಇಲ್ಲವೇ ಇಲ್ಲ.

ಅಂದು ಮಳೆ ಜೋರಾಗಿಯೇ ಇತ್ತು, ಒಪ್ಪೋಣ. ಹಿಮಾಚಲದಲ್ಲಿ ಜೀವಗಳೂ ಹೋದವು. ಆದರೆ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಾಟ ಶುರುವಾದದ್ದು 1929ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ಆ ಸೇತುವೆಯ ಅಡಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಳೆಗಾಲಗಳ ನೀರು ಹರಿದುಹೋಗಿದೆ. ಚಕ್ಕಿ ಸಾಧು ಹೊಳೆಯೇನಲ್ಲ. ಧೌಲಾಧಾರ್ ಬೆಟ್ಟಗಳಿಂದ ಇಳಿದು ಬಿಯಾಸ್ ಸೇರುವ ಈ ಹೊಳೆ ಬೇಸಿಗೆಯಲ್ಲಿ ಬರೀ ಕಲ್ಲುಹಾಸು, ಶ್ರಾವಣದಲ್ಲಿ ಹುಚ್ಚು ಕುದುರೆ. ಅದನ್ನು ತಿಳಿದೇ ಕಟ್ಟಿದವರು ಕಟ್ಟಿದ್ದರು. ಹಾಗಿದ್ದರೆ ಇಷ್ಟು ವರ್ಷ ನಿಂತದ್ದು ಈಗ ಏಕೆ ಬಿತ್ತು?

ಉತ್ತರ ನೀರಿನ ಮೇಲ್ಮೈಯಲ್ಲಿಲ್ಲ, ತಳದಲ್ಲಿದೆ. ಬೆಟ್ಟದ ಬುಡದ ನದಿಗಳ ತಳದಲ್ಲಿ ಮೇಲ್ಪದರಕ್ಕೆ ದಪ್ಪ ಗುಂಡುಕಲ್ಲುಗಳು ಇರುತ್ತವೆ. ಸಣ್ಣ ಕಲ್ಲು, ಮರಳನ್ನೆಲ್ಲ ಪ್ರವಾಹ ಕೊಚ್ಚಿಕೊಂಡು ಹೋದ ಮೇಲೆ ಅಲುಗದೆ ಉಳಿದ ಕಲ್ಲುಗಳು ಅವು. ಅವುಗಳ ಅಡಿಯಲ್ಲಿ ಜಲ್ಲಿ, ಅದರಡಿಯಲ್ಲಿ ಮರಳು. ಆ ಕಲ್ಲಿನ ಹೊದಿಕೆ ಇರುವಷ್ಟು ಕಾಲ ಎಂಥ ಪ್ರವಾಹ ಬಂದರೂ ತಳ ಸುಲಭಕ್ಕೆ ಕದಲುವುದಿಲ್ಲ. ಅದನ್ನು ಕಿತ್ತರೆ, ಹೆಂಚು ತೆಗೆದ ಮಾಡಿನ ಕೆಳಗಿನ ಮಣ್ಣಿನ ಗೋಡೆಗೆ ಏನಾಗುತ್ತದೋ ಅದೇ ಆಗುತ್ತದೆ. ಕ್ರಷರ್‌ಗೆ ಬೇಕಾದದ್ದು ಆ ಗುಂಡುಕಲ್ಲೇ. ಚಕ್ಕಿಯ ಪಾತ್ರದಲ್ಲಿ ವರ್ಷಗಟ್ಟಲೆ ಜೆಸಿಬಿಗಳು ತೋಡಿದವು, ಟಿಪ್ಪರುಗಳು ಸಾಗಿಸಿದವು, ದಡದ ಕ್ರಷರುಗಳು ಅರೆದು ಜಲ್ಲಿ ಮಾಡಿದವು. ಅಕ್ಕಪಕ್ಕದ ಹಳ್ಳಿಗಳವರು ಗೋಳಾಡಿದರು, ಪತ್ರಿಕೆಗಳು ಚಿತ್ರಸಮೇತ ಬರೆದವು.

ಇನ್ನೊಂದು ವಿಷಯವಿದೆ. ಸೇತುವೆಯ ಬುಡದಲ್ಲೇ ಅಗೆಯಬೇಕಾದ ಅಗತ್ಯವೂ ಕಳ್ಳನಿಗಿಲ್ಲ. ಕೆಳಗೆಲ್ಲೋ ಒಂದು ಆಳದ ಗುಂಡಿ ತೋಡಿದರೆ ಸಾಕು. ನೀರು ಆ ಗುಂಡಿಗೆ ಧುಮುಕುವಾಗ ಅದರ ಮೇಲಂಚನ್ನು ಕೊರೆಯುತ್ತದೆ, ಕೊರೆತ ಮಳೆಯಿಂದ ಮಳೆಗೆ ಮೇಲ್ಮುಖವಾಗಿ ಹತ್ತುತ್ತಾ ಹೋಗಿ ಒಂದು ದಿನ ಕಂಬದ ಬುಡ ಮುಟ್ಟುತ್ತದೆ. ಬುನಾದಿಯನ್ನು ಹೂಳಲ್ಲಿ ಇಷ್ಟು ಅಡಿ ಆಳಕ್ಕೆ ಇಳಿಸಿದ್ದೇವೆ ಎಂದು ಎಂಜಿನಿಯರ್ ಹಾಕಿದ ಲೆಕ್ಕಕ್ಕೆ ಹೂಳೇ ಇಲ್ಲದಂತಾಗುತ್ತದೆ. ಕಂಬ ಗಟ್ಟಿಯಾಗಿಯೇ ಇರುತ್ತದೆ, ಅದು ನಿಂತ ನೆಲ ಟಿಪ್ಪರ್ ಹತ್ತಿ ಹೋಗಿರುತ್ತದೆ. ಪಕ್ಕದ ಹೆದ್ದಾರಿ ಸೇತುವೆಗೂ ಅದೇ ರೋಗ ತಗುಲಿ, ಅದನ್ನೂ ಆಗ ಕೆಲಕಾಲ ಮುಚ್ಚಬೇಕಾಯಿತು.

ಕಾನೂನು ಇರಲಿಲ್ಲವೇ? ಇತ್ತು, ಕಪಾಟು ತುಂಬ ಇತ್ತು. ಎಷ್ಟು ಸಣ್ಣ ಗುತ್ತಿಗೆಯಾದರೂ ಪರಿಸರ ಅನುಮತಿ ಇಲ್ಲದೆ ನದಿ ಅಗೆಯಬಾರದು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲೇ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತ್ತು. ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ತಂದಿತು, ಸೇತುವೆಗಳ ಆಸುಪಾಸಿನಲ್ಲಿ ಮುಟ್ಟಕೂಡದು ಎಂದಿತು. 2020ರಲ್ಲಿ ಕಣ್ಗಾವಲಿಗೆಂದೇ ಮತ್ತೊಂದು ಮಾರ್ಗಸೂಚಿ ಬಂತು. ಚಕ್ಕಿಯ ದುರದೃಷ್ಟ ಏನೆಂದರೆ ಅದು ಎರಡು ರಾಜ್ಯಗಳ ಗಡಿ. ಹಿಮಾಚಲದವರನ್ನು ಕೇಳಿದರೆ ಅಗೆಯುವವರು ಪಂಜಾಬಿನ ಕಡೆಯವರು, ಪಂಜಾಬಿನವರನ್ನು ಕೇಳಿದರೆ ಹಿಮಾಚಲದ ಕಡೆಯವರು. ಲೂಟಿಗೆ ಗಡಿಯಿಲ್ಲ, ತನಿಖೆಗೆ ಮಾತ್ರ ಗಡಿ.

ಅಂದು ಆ ಮಾರ್ಗದಲ್ಲಿ ರೈಲು ಓಡುತ್ತಿರಲಿಲ್ಲ, ಸೇತುವೆಯ ಮೇಲೆ ಯಾರೂ ಸಾಯಲಿಲ್ಲ. ಅದೃಷ್ಟ ಎಲ್ಲ ಸಲವೂ ಕೈ ಹಿಡಿಯುವುದಿಲ್ಲ. 2001ರ ಜೂನ್ 22ರಂದು ಕೇರಳದ ಕಡಲುಂಡಿ ಹೊಳೆಯ ಸೇತುವೆ ಕುಸಿದಾಗ ಅದರ ಮೇಲೆ ಮಂಗಳೂರಿನಿಂದ ಹೊರಟ ಚೆನ್ನೈ ಮೇಲ್ ಇತ್ತು. 50ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಕಾರಣಗಳ ಚರ್ಚೆ ಬೇರೆ. ಆದರೆ ಸೇತುವೆಯ ಕಂಬ ಕೈ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರವರು ಬೆರಳು ತೋರಿಸಿದ್ದು ಮರಳು ದಂಧೆಯ ಕಡೆಗೇ. ಕಾಂಗ್ಡಾ ಎಲ್ಲೋ ದೂರದ ಊರು ಎಂದು ನಾವು ಮಗ್ಗುಲು ಬದಲಿಸಿ ಮಲಗುವಂತಿಲ್ಲ.

ಈ ಕಾಂಗ್ಡಾ ರೈಲು ಯಾರದು ಎಂಬುದನ್ನೂ ಹೇಳಬೇಕು. ಜೋಗಿಂದರ್‌ನಗರದ ಶಾನನ್ ವಿದ್ಯುತ್ ಯೋಜನೆಗೆ ಸಾಮಾನು ಸಾಗಿಸಲೆಂದು ಬ್ರಿಟಿಷರು 164 ಕಿಲೋಮೀಟರ್ ಉದ್ದಕ್ಕೆ ಹಾಕಿದ ಹಳಿ ಇದು. ಬೆಟ್ಟ ಕೊರೆಯುವ ಬದಲು ಬೆಟ್ಟವನ್ನು ಬಳಸಿಕೊಂಡು ಹೋದ ಕಾರಣ ಇಡೀ ಮಾರ್ಗದಲ್ಲಿ ಸುರಂಗ ಎರಡೇ ಎರಡು, ಸೇತುವೆಗಳು ಮಾತ್ರ ನೂರಾರು. ಎರಡನೇ ಮಹಾಯುದ್ಧದಲ್ಲಿ ಉಕ್ಕು ಬೇಕೆಂದು ನಗ್ರೋಟಾದಿಂದ ಮುಂದಿನ ಹಳಿಯನ್ನೇ ಕಿತ್ತುಕೊಂಡು ಹೋದರು. ಅದನ್ನು ಮತ್ತೆ ಹಾಸಿದ್ದು 1954ರಲ್ಲಿ. ಎಪ್ಪತ್ತರ ದಶಕದಲ್ಲಿ ಪಾಂಗ್ ಅಣೆಕಟ್ಟು ಬಂದು ಇನ್ನೊಂದು ತುಂಡು ಮುಳುಗಿತು. ಹಳಿಯನ್ನು ಸುತ್ತುಬಳಸಿ ಹೊಸದಾಗಿ ಹಾಕಿದರು. ಹಳಿಯ ಜೊತೆ ಸಾವಿರಾರು ಕುಟುಂಬಗಳ ಗದ್ದೆ ಮನೆಗಳೂ ಮುಳುಗಿದವು. ರಾಜಸ್ಥಾನದಲ್ಲಿ ಭೂಮಿ ಕೊಡುತ್ತೇವೆ ಎಂಬ ಮಾತು ಎಷ್ಟೋ ಕುಟುಂಬಗಳ ಪಾಲಿಗೆ ಇಂದಿಗೂ ಮಾತಾಗಿಯೇ ಉಳಿದಿದೆ. ಜಲಾಶಯದ ಅಂಚಿನ ಆ ಊರುಗಳಲ್ಲಿ ಕೆಲವಕ್ಕೆ ಸರಿಯಾದ ರಸ್ತೆಯಿಲ್ಲ, ಇದ್ದದ್ದು ಈ ರೈಲು. ಬಸ್ಸಿಗಿಂತ ಎಷ್ಟೋ ಪಾಲು ಅಗ್ಗ. ಆಸ್ಪತ್ರೆಗೆ, ಕಾಲೇಜಿಗೆ, ತರಕಾರಿ ಮಾರಲು, ಪಠಾಣ್‌ಕೋಟ್‌ನಲ್ಲಿ ದೂರದೂರಿನ ರೈಲು ಹಿಡಿಯಲು ಅದೇ ಗತಿ.

ಯುದ್ಧಕ್ಕೆ ಹಳಿ ಕಿತ್ತಾಗ ಒಂದು ಆದೇಶವಿತ್ತು. ಅಣೆಕಟ್ಟಿಗೆ ಮುಳುಗಿಸಿದಾಗ ಒಂದು ಕಡತ, ಕೊನೆಪಕ್ಷ ಸುಳ್ಳು ಭರವಸೆಯಾದರೂ ಇತ್ತು. ಮೂರನೆಯ ಸಲ ಈ ಜನರ ರೈಲು ಕಿತ್ತುಕೊಂಡವರ ಹೆಸರೇ ಇಲ್ಲ. ಸೇತುವೆ ಬಿದ್ದ ಮೇಲೆ ಆಚೆ ದಡದ ನೂರ್‌ಪುರ ರೋಡ್ ನಿಲ್ದಾಣದಿಂದ ಬೈಜನಾಥ್ ಪಪರೋಲಾವರೆಗೆ ಮೊಟಕು ರೈಲು ಓಡಿಸಿದರು, ಅದೂ ಮಳೆ ಬಂದರೆ ಬಂದ್. ಪಠಾಣ್‌ಕೋಟ್ ಮುಟ್ಟದ ಆ ರೈಲು ಅವರಿಗೆ ಅರ್ಧ ಪ್ರಯೋಜನಕ್ಕೂ ಬರಲಿಲ್ಲ. 2023ರ ಮಳೆಗಾಲ ಬಂತು, ಸೇತುವೆ ಇರಲಿಲ್ಲ. 2024ರ ಮಳೆಗಾಲ ಬಂತು, ಆಗಲೂ ಇರಲಿಲ್ಲ. ರಾಜಧಾನಿಗಳ ನಡುವಿನ ಮಾರ್ಗದಲ್ಲಿ ಹೀಗಾಗಿದ್ದರೆ?

ಇದೇ ರೈಲ್ವೆ ಇಲಾಖೆ 1964ರಲ್ಲಿ ಏನು ಮಾಡಿತ್ತು ಎಂಬುದು ನೆನಪಿದೆಯೇ? ಆ ಡಿಸೆಂಬರಿನ ಚಂಡಮಾರುತಕ್ಕೆ ರಾಮೇಶ್ವರದ ಪಾಂಬನ್ ಸೇತುವೆಯ 126 ಅಂಕಣಗಳು ಕೊಚ್ಚಿಹೋದವು. ದುರಸ್ತಿಗೆ ಮೊದಲು ಆರು ತಿಂಗಳು ಎಂದರು, ಆಮೇಲೆ ಅದು ಮೂರಕ್ಕೆ ಇಳಿಯಿತು. ಆಗ ತರುಣ ಎಂಜಿನಿಯರ್ ಆಗಿದ್ದ ಇ. ಶ್ರೀಧರನ್ 46 ದಿನಗಳಲ್ಲಿ ರೈಲು ಓಡುವಂತೆ ಮಾಡಿದರು. ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ ಎಂಬುದೂ ನನಗೆ ಗೊತ್ತು. ಪಾಂಬನ್‌ನಲ್ಲಿ ಸಮುದ್ರ ಗರ್ಡರುಗಳನ್ನು ಒಯ್ದಿತ್ತು, ಕಂಬಗಳು ನಿಂತಿದ್ದವು. ಮುಳುಗಿದ ಗರ್ಡರುಗಳನ್ನೇ ಹುಡುಕಿ ಎತ್ತಿ ಮತ್ತೆ ಕೂರಿಸಿದರು. ಚಕ್ಕಿಯಲ್ಲಿ ಹೋದದ್ದು ಕಂಬ, ಅದಕ್ಕೂ ಮೊದಲು ಹೋದದ್ದು ತಳ. ಗರ್ಡರ್ ಕಳೆದುಹೋದರೆ ಸಿಕ್ಕೀತು, ಜಲ್ಲಿಯಾಗಿ ಯಾರದೋ ಮಹಡಿ ಮನೆಗೆ ತಾರಸಿಯಾಗಿ ಹೋದ ನದಿಯನ್ನು ಎಲ್ಲಿಂದ ಎತ್ತಿ ತರುತ್ತೀರಿ? ಚಂಡಮಾರುತ ಕೂಡ ಬಿಟ್ಟು ಹೋದದ್ದನ್ನು ನಾವು ಬಿಡಲಿಲ್ಲ.

ತಳ ಕುಸಿದ ನದಿಯಲ್ಲಿ ಸೇತುವೆ ದುರಸ್ತಿ ಎಂದರೆ ಏನೆಂದು ನೋಡಿ. ಬುನಾದಿಯನ್ನು ಹಳೆಯದಕ್ಕಿಂತ ಆಳಕ್ಕೆ ಇಳಿಸಬೇಕು. ಕಂಬಗಳ ಸುತ್ತ ಕೊರೆತ ತಡೆಯಲು ದಪ್ಪ ಕಲ್ಲು ಹಾಸಬೇಕು, ತಂತಿ ಬಲೆಯಲ್ಲಿ ಕಲ್ಲು ತುಂಬಿ ದಡಕ್ಕೆ ಒಡ್ಡಬೇಕು, ಕೆಳಗಡೆ ಅಡ್ಡಗೋಡೆ ಕಟ್ಟಿ ತಳ ಇನ್ನಷ್ಟು ಇಳಿಯದಂತೆ ಹಿಡಿಯಬೇಕು. ಅಂದರೆ ನದಿ ಪುಕ್ಕಟೆಯಾಗಿ ಇಟ್ಟುಕೊಂಡಿದ್ದ ಕಲ್ಲನ್ನು ಒಬ್ಬ ಕದ್ದು ಮಾರುತ್ತಾನೆ, ಸರ್ಕಾರ ಜನರ ದುಡ್ಡಿನಲ್ಲಿ ಕಲ್ಲು ಕೊಂಡು ಅದೇ ನದಿಗೆ ಸುರಿಯುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬಾಗಿಲಿನ ಗುತ್ತಿಗೆಯೂ ಕೊಳ್ಳೆ ಹೊಡೆದವನಿಗೇ ಸಿಕ್ಕರೆ ಅಚ್ಚರಿಪಡಬೇಡಿ.

ಹೊಸ ಕಂಬ ನಿಂತ ದಿನ ಮಂತ್ರಿಗಳು ಹಸಿರು ಬಾವುಟ ಬೀಸಲು ಬರುತ್ತಾರೆ, ಬರಲಿ. ಆದರೆ ಅದಕ್ಕೆ ಮೊದಲು ಲೆಕ್ಕ ಕೊಡಿ. ಸೇತುವೆಯ ಮೇಲೂ ಕೆಳಗೂ ಕಲ್ಲು ಎತ್ತಲು ಯಾರಿಗೆ ಪರ್ಮಿಟ್ ಕೊಟ್ಟಿರಿ, ಸಹಿ ಯಾರದು? ಪರ್ಮಿಟ್ ಇಲ್ಲದ ಟಿಪ್ಪರುಗಳು ಯಾವ ಚೆಕ್‌ಪೋಸ್ಟ್ ಮುಂದೆ ಹಾದುಹೋದವು, ರಾತ್ರಿ ಪಾಳಿಯಲ್ಲಿ ಯಾರಿದ್ದರು? ಹೊಸ ಸೇತುವೆಯ ಖರ್ಚಿನಲ್ಲಿ ಕ್ರಷರ್ ಮಾಲೀಕರಿಂದ ವಸೂಲಿ ಮಾಡಿದ್ದು ಎಷ್ಟು ರೂಪಾಯಿ? ಇನ್ನೂ ಒಂದಿದೆ, ಇದಕ್ಕೆ ಟೆಂಡರ್ ಕಡತ ಬಿಚ್ಚಿದರೆ ಸಾಕು: ಆ ಹೊಸ ಕಂಬಗಳ ಕಾಂಕ್ರೀಟಿಗೆ ಜಲ್ಲಿ ಯಾವ ಹೊಳೆಯಿಂದ ಬಂತು?